‘ವರ್ಡಿನ್ಯಾಗ ಇಟ್ಟೇನ್ರೀ’: ಮೊಬೈಲ್ ಹಿಡಿದು ಬಂದ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಬಗೆ

ಪ್ರತಿ ವರ್ಷ ಹೊಸ ಬ್ಯಾಚಿನ ಎರಡನೇ ದಿನ ಇದು ನಡೆಯುತ್ತದೆ. ಹಿಂದಿನ ದಿನ ತನ್ನ ಹೆಸರು, ಊರು ಟೈಪ್ ಮಾಡಿ ಹೋದ ಹುಡುಗ ಬಂದು ಕೂರುತ್ತಾನೆ, ಪರದೆಯನ್ನೇ ನೋಡುತ್ತಾನೆ, ಕೈ ಎತ್ತುತ್ತಾನೆ.

‘ಮೇಡಂರೀ, ನಿನ್ನೆ ಮಾಡಿದ್ದು ಕಾಣವಲ್ದ್ರೀ.’

‘ಎಲ್ಲಿ ಇಟ್ಟಿದ್ದಿ?’

‘ವರ್ಡಿನ್ಯಾಗ ಇಟ್ಟೇನ್ರೀ.’

‘ವರ್ಡ್ ಅಂದ್ರ ಪೆನ್ನು, ತಮ್ಮಾ. ಪತ್ರ ಬರದ ಮ್ಯಾಲೆ ಅದು ಪೆನ್ನಿನ್ಯಾಗ ಇರ್ತದೇನು?’

ಅವನು ಸುಮ್ಮನಾಗುತ್ತಾನೆ. ತಪ್ಪು ಅವನದಲ್ಲ. ಅವನ ಕೈಗೆ ಮೊದಲು ಬಂದದ್ದು ಮೊಬೈಲ್. ಅದರಲ್ಲಿ ಫೋಟೊ ಗ್ಯಾಲರಿಯಲ್ಲಿದೆ, ಮಾತು ವಾಟ್ಸಾಪಿನಲ್ಲಿದೆ, ವಿಡಿಯೊ ಯೂಟ್ಯೂಬಿನಲ್ಲಿದೆ. ಯಾವುದನ್ನೂ ಅವನು ಇಟ್ಟಿಲ್ಲ, ಎಲ್ಲ ತಾವೇ ಹೋಗಿ ಕೂತಿವೆ. ಇಡುವುದು ಎಂಬ ಕೆಲಸ ಒಂದಿದೆ ಎಂದೇ ಅವನಿಗೆ ಯಾರೂ ಹೇಳಿಲ್ಲ.

ನಾನು ಗದಗ ಜಿಲ್ಲೆಯ ಐಟಿಐಯಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಟ್ರೇಡಿನ ಜೆಟಿಓ, ಅಂದರೆ ಕಿರಿಯ ತರಬೇತಿ ಅಧಿಕಾರಿ. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದಾದ ಒಂದು ವರ್ಷದ ಟ್ರೇಡ್ ಇದು. ಒಂದು ಬ್ಯಾಚಿಗೆ 24 ಮಕ್ಕಳು. ಮುಳಗುಂದ, ಲಕ್ಕುಂಡಿ, ಹುಲಕೋಟಿ ಕಡೆಯಿಂದ ಬಸ್ ಪಾಸ್ ಹಿಡಿದು ಬರುತ್ತಾರೆ. 16 ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ ಮಕ್ಕಳು ಮೌಸ್ ಮುಟ್ಟಲು ಹೆದರುತ್ತಿದ್ದರು. ಈಗಿನವರಿಗೆ ಹೆದರಿಕೆ ಇಲ್ಲ, ಎರಡು ಹೆಬ್ಬೆರಳಿನಲ್ಲಿ ನನಗಿಂತ ಬೇಗ ಟೈಪ್ ಮಾಡುತ್ತಾರೆ. ಆದರೆ ವಿಳಾಸ ಗೊತ್ತಿಲ್ಲ. ಹೊಸದಾಗಿ ಲ್ಯಾಬಿಗೆ ಬರುವ ಶಿಕ್ಷಕರು ಸಿಲೆಬಸ್ಸಿನ ಮೊದಲ ಪುಟದಿಂದ, ಅಂದರೆ ಇನ್‌ಪುಟ್ ಡಿವೈಸ್, ಔಟ್‌ಪುಟ್ ಡಿವೈಸ್‌ಗಳ ವ್ಯಾಖ್ಯೆಯಿಂದ ಶುರು ಮಾಡುತ್ತಾರೆ. ನಾನು ಕಲಿತ ಕಡೆಯೂ ಹಾಗೇ ಇತ್ತು: ಮಷಿನ್‌ಗಳ ಮೇಲೆ ಬಟ್ಟೆ ಹೊದಿಸಿ, ನಮ್ಮಿಂದ ಮೂರು ತಿಂಗಳು ವ್ಯಾಖ್ಯೆ ಬರೆಸಿದರು. ಆ ಮೂರು ತಿಂಗಳು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ನೀವು ಹಾಗೆ ಮಾಡಬೇಡಿ. ಮೊದಲ ಎರಡು ವಾರ ಒಂದೇ ಪ್ರಶ್ನೆ ಕೇಳಿ: ಎಲ್ಲಿದೆ?

ಅಡ್ಡಹೆಸರಿನಿಂದ ಶುರು ಮಾಡಿ

ನಮ್ಮ ಕಡೆ ಪ್ರತಿಯೊಬ್ಬರಿಗೂ ಅಡ್ಡಹೆಸರು ಇರುತ್ತದೆ. ಹಾಜರಿ ಪುಸ್ತಕ ತೆಗೆದರೆ ಬಡಿಗೇರ, ಪತ್ತಾರ, ಕಮ್ಮಾರ, ಅಂಗಡಿ, ಹೂಗಾರ. ಅಡ್ಡಹೆಸರು ನೋಡಿದರೆ ಆ ಮನೆಯಲ್ಲಿ ಹಿಂದೆ ಏನು ಕೆಲಸ ನಡೆಯುತ್ತಿತ್ತು ಎಂದು ಗೊತ್ತಾಗುತ್ತದೆ. ಫೈಲಿಗೂ ಹಾಗೇ ಒಂದು ಅಡ್ಡಹೆಸರು ಇದೆ, ಚುಕ್ಕೆಯ ನಂತರ ಬರುವುದು ಅದೇ ಎಂದು ನಾನು ಹೇಳಿಕೊಡುತ್ತೇನೆ. ಡಾಕ್ಸ್ ಎಂದಿದ್ದರೆ ವರ್ಡಿನ ಮನೆಯದು, ಎಕ್ಸ್‌ಎಲ್‌ಎಸ್‌ಎಕ್ಸ್ ಎಂದಿದ್ದರೆ ಎಕ್ಸೆಲಿನ ಮನೆಯದು, ಜೆಪಿಜಿ ಎಂದರೆ ಚಿತ್ರ.

ವಿಂಡೋಸ್ ಈ ಅಡ್ಡಹೆಸರನ್ನು ಮುಚ್ಚಿಟ್ಟಿರುತ್ತದೆ. ಆದ್ದರಿಂದ ಮೊದಲ ದಿನವೇ ಪ್ರತಿ ಮಷಿನ್ನಿನಲ್ಲೂ ಫೋಲ್ಡರ್ ತೆರೆದು, ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬಲ್ಲಿ ಟಿಕ್ ಹಾಕಿಸಿ. ನೀವು ಹಾಕಬೇಡಿ, ಅವರ ಕೈಯಿಂದ ಹಾಕಿಸಿ.

ಆಮೇಲೆ ಒಂದು ವರ್ಡ್ ಫೈಲಿನ ಅಡ್ಡಹೆಸರು ಅಳಿಸಿ ಪಿಡಿಎಫ್ ಎಂದು ಬರೆಯಲು ಹೇಳಿ. ವಿಂಡೋಸ್ ಎಚ್ಚರಿಕೆ ಕೊಡುತ್ತದೆ. ಕೊಡಲಿ, ‘ಎಸ್’ ಒತ್ತಿಸಿ. ಈಗ ತೆರೆದರೆ ಪಿಡಿಎಫ್ ಓದುವ ಪ್ರೋಗ್ರಾಂ ಫೈಲು ಕೆಟ್ಟಿದೆ ಎನ್ನುತ್ತದೆ. ಬಡಿಗೇರ ಅನ್ನೋ ಅಡ್ಡಹೆಸರು ತೆಗೆದು ಪತ್ತಾರ ಅಂತ ಬರೆದರೆ ಅವನಿಗೆ ಬಂಗಾರದ ಕೆಲಸ ಬಂದುಬಿಡುತ್ತದೆಯೇ? ತಿರುಗಿ ಡಾಕ್ಸ್ ಎಂದು ಬರೆದ ಕೂಡಲೇ ಫೈಲು ಸರಿಯಾಗಿ ತೆರೆಯುತ್ತದೆ. ಒಳಗಿನದು ಒಂದಕ್ಷರವೂ ಬದಲಾಗಿರಲಿಲ್ಲ ಎಂದು ಅವರೇ ನೋಡುತ್ತಾರೆ. ಅರ್ಜಿ ತುಂಬುವ ಅಂಗಡಿಗಳಲ್ಲಿ ಕೆಲಸಕ್ಕಿರುವ ದೊಡ್ಡವರು ಕೂಡ ಹೆಸರು ಬದಲಿಸಿ ‘ಪಿಡಿಎಫ್ ಮಾಡಿದೆ’ ಎನ್ನುವುದನ್ನು ಕಂಡಿದ್ದೇನೆ. ನಮ್ಮ ಮಕ್ಕಳು ಅಲ್ಲಿಗೆ ಹೋದಾಗ ಹಾಗೆ ಮಾಡಬಾರದು.

ಅಡ್ಡಹೆಸರಿನ ನಂತರ ಊರು. ಜಿಲ್ಲೆ, ತಾಲೂಕು, ಊರು, ಓಣಿ, ಮನೆ ಎಂದು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಡ್ರೈವ್, ಫೋಲ್ಡರ್, ಅದರೊಳಗಿನ ಫೋಲ್ಡರ್, ಫೈಲ್ ಎಂದು ಬರೆಯಿರಿ. ಅದೇ ಹೆಸರಿನ ಫೋಲ್ಡರುಗಳನ್ನು ಅವರಿಂದ ಮಾಡಿಸಿ: ಗದಗ, ಅದರೊಳಗೆ ಏಳು ತಾಲೂಕು, ಒಳಗೆ ತಮ್ಮ ಊರು. ಊರಿನ ಫೋಲ್ಡರಿನಲ್ಲಿ ತಮ್ಮ ಮನೆಯ ಬಗ್ಗೆ ನಾಲ್ಕು ಸಾಲು ಬರೆದು ಇಡಲಿ. ಮರುದಿನ ಇಬ್ಬರು ಜಾಗ ಬದಲಿಸಿ ಕೂತು, ವಿಳಾಸ ಮಾತ್ರ ಕೇಳಿ, ಒಬ್ಬರ ಫೈಲು ಇನ್ನೊಬ್ಬರು ತೆರೆಯಬೇಕು. ಸರ್ಚ್ ಬಳಸುವಂತಿಲ್ಲ. ಈ ಒಂದು ಆಟಕ್ಕೆ ನಾನು ಮೂರು ದಿನ ಕೊಡುತ್ತೇನೆ. ಹೊರಗಿನವರಿಗೆ ಅದು ಹೆಚ್ಚು ಎನಿಸಬಹುದು. ಆದರೆ ಈ ಮೂರು ದಿನ ಉಳಿಸಿದ ವರ್ಷಗಳಲ್ಲಿ ನಾನು ಮಾರ್ಚ್ ತಿಂಗಳಲ್ಲಿ ಕಳೆದ ಫೈಲು ಹುಡುಕುತ್ತಾ ಕೂತಿದ್ದೇನೆ.

ಫೈಲಿಗೆ ತಾರೀಖು ಹಾಕುವಾಗ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಲು ಹೇಳಿ: 2025-07-14. ಕಂಪ್ಯೂಟರ್ ಹೆಸರನ್ನು ಎಡದಿಂದ ನೋಡಿ ಜೋಡಿಸುತ್ತದೆ. ದಿನ ಮೊದಲಿದ್ದರೆ ಎಲ್ಲ ತಿಂಗಳಿನ ಒಂದನೇ ತಾರೀಖುಗಳು ಒಟ್ಟಿಗೆ ಬಂದು ಕೂರುತ್ತವೆ.

ಇಡುವುದನ್ನು, ಅಂದರೆ ಸೇವ್ ಮಾಡುವುದನ್ನು, ಕಲಿಸಲು ಕೆಲವು ಶಿಕ್ಷಕರು, ಮಕ್ಕಳು ಟೈಪ್ ಮಾಡುತ್ತಿರುವಾಗ ಮೇನ್ ಸ್ವಿಚ್ ತೆಗೆಯುತ್ತಾರೆ. ನಾನು ತೆಗೆಯುವುದಿಲ್ಲ, ಅದರಿಂದ ಡಿಸ್ಕ್ ಹಾಳಾಗಬಹುದು. ಒಂದು ಮಷಿನ್ ಹೋದರೆ ಮತ್ತೊಂದು ಬರುವುದು ಯಾವಾಗಲೋ. ನೋಟ್‌ಪ್ಯಾಡಿನಲ್ಲಿ ಹತ್ತು ನಿಮಿಷ ಟೈಪ್ ಮಾಡಿಸಿ, ಮುಚ್ಚಿಸಿ, ‘ಡೋಂಟ್ ಸೇವ್’ ಒತ್ತಿಸಿ. ತೆರೆದು ನೋಡಿದಾಗ ಖಾಲಿ. ಆ ಮೇಲೆ ಕಂಟ್ರೋಲ್ ಎಸ್ ಎಂದು ಯಾರಿಗೂ ಎರಡನೇ ಸಲ ಹೇಳಬೇಕಾಗುವುದಿಲ್ಲ.

ವಾಟ್ಸಾಪನ್ನು ಬೈಯಬೇಡಿ. ಅವರು ಅದನ್ನೇ ಕಪಾಟಿನ ಹಾಗೆ ಬಳಸುತ್ತಾರೆ, ಬೇಕಾದ್ದನ್ನು ತಮಗೆ ತಾವೇ ಕಳಿಸಿಕೊಳ್ಳುತ್ತಾರೆ. ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಸಣ್ಣದು ಮಾಡಿ, ಹೆಸರನ್ನೂ ಬದಲಿಸುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೆಸರು, ಅಳತೆ ಎರಡೂ ಹಾಗೇ ಉಳಿಯುತ್ತವೆ. ಒಂದೇ ಚಿತ್ರವನ್ನು ಎರಡೂ ರೀತಿ ಕಳಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಅಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

ಗದಗ ಎಂದರೆ 9 ಬೈಟ್

ಕನ್ನಡ ಟೈಪಿಂಗಿಗೆ ದಿನಕ್ಕೆ 15 ನಿಮಿಷ, ವರ್ಷವಿಡೀ. ನಾನು ನುಡಿಯ ಕೀಲಿಮಣೆಯನ್ನೇ ಕಲಿಸುತ್ತೇನೆ; ಕಚೇರಿಗಳಲ್ಲಿ ಅದೇ ಇದೆ. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶದ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದರ ಜಾಣತನವನ್ನು ಮಕ್ಕಳಿಗೆ ಬಿಡಿಸಿ ತೋರಿಸಬೇಕು: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ, ಒತ್ತಕ್ಷರ ಬೇಕಾದಾಗ ನಡುವೆ ಎಫ್. ‘ಕಂಗ್ಲಿಷ್’ನಲ್ಲಿ ಬರೆದು ರೂಢಿಯಾದ ಮಕ್ಕಳು ಮೊದಲ ವಾರ ಗೊಣಗುತ್ತಾರೆ. ಅಂಥವರನ್ನು ಗದಗ ಬರೆಯಲು ಕೂರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಐದು ಸಲ ಒತ್ತಬೇಕು, ನುಡಿಯಲ್ಲಿ ಮೂರೇ ಸಲ.

ಇಲ್ಲಿಂದ ನನಗೆ ಅತಿ ಪ್ರೀತಿಯ ಪಾಠ ಶುರುವಾಗುತ್ತದೆ. ಬೈಟ್ ಎಂದರೆ ಫೈಲು ಹಿಡಿಯುವ ಜಾಗದ ಅಳತೆ. ಅದರ ವ್ಯಾಖ್ಯೆ ಬರೆಸುವ ಬದಲು ಹೀಗೆ ಮಾಡಿ. ನುಡಿಯನ್ನು ಯೂನಿಕೋಡಿಗೆ ಹಾಕಿ, ನೋಟ್‌ಪ್ಯಾಡಿನಲ್ಲಿ ಗದಗ ಎಂದಷ್ಟೇ ಟೈಪ್ ಮಾಡಲಿ, ಎಂಟರ್ ಒತ್ತದೆ. ಸೇವ್ ಮಾಡುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇರಲಿ. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಸೈಜ್ ಎಂಬಲ್ಲಿ 9 ಬೈಟ್ ಎಂದಿರುತ್ತದೆ. ಇನ್ನೊಂದು ಫೈಲಿನಲ್ಲಿ ಗದಗವನ್ನೇ ಇಂಗ್ಲಿಷಿನ ಐದು ಅಕ್ಷರದಲ್ಲಿ ಬರೆಯಲಿ: 5 ಬೈಟ್. ಯಾರಿಗಾದರೂ 12 ಬಂದರೆ, ಫೈಲಿನ ಮೊದಲಿಗೆ 3 ಬೈಟಿನ ಗುರುತು ಸೇರಿಸುವ ‘ವಿತ್ ಬಿಓಎಂ’ ಎನ್ನುವುದನ್ನು ಆರಿಸಿದ್ದಾರೆ. 11 ಬಂದರೆ ಎಂಟರ್ ಒತ್ತಿದ್ದಾರೆ. ಎನ್‌ಕೋಡಿಂಗನ್ನು ಎಎನ್‌ಎಸ್‌ಐ ಎಂದು ಇಟ್ಟವರ ಫೈಲನ್ನು ಮತ್ತೆ ತೆರೆಸಿ, ಗದಗದ ಜಾಗದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತವೆ.

ಈಗ ಹುಬ್ಬಳ್ಳಿ. ಬರೆಯುವ ಮೊದಲು ಎಷ್ಟು ಬೈಟ್ ಬರಬಹುದು ಎಂದು ವಹಿಯಲ್ಲಿ ಬರೆದುಕೊಳ್ಳಲಿ. ಹು, ಬ್ಬ, ಳ್ಳಿ ಎಂದು ಮೂರು ಅಕ್ಷರ ಎಣಿಸಿ ಎಲ್ಲರೂ 9 ಎನ್ನುತ್ತಾರೆ. ಬರುವುದು 27. ಲ್ಯಾಬು ಗದ್ದಲವಾಗುತ್ತದೆ, ಆಗಲಿ, ಉತ್ತರ ಹೇಳಬೇಡಿ. ‘ಎಷ್ಟು ಕೀ ಒತ್ತಿದ್ರಿ, ಎಣಸ್ರಿ’ ಎನ್ನಿ. ಹೆಚ್, ಯು, ಬಿ, ಎಫ್, ಬಿ, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಐ. ಒಂಬತ್ತು. ಹ, ಉಕಾರ, ಬ, ವಿರಾಮ (ಅರ್ಧಾಕ್ಷರದ ಚಿಹ್ನೆ), ಬ, ಳ, ವಿರಾಮ, ಳ, ಇಕಾರ. ಯೂನಿಕೋಡಿನಲ್ಲಿ ಪ್ರತಿ ತುಣುಕಿಗೂ ಒಂದೊಂದು ಸಂಖ್ಯೆ ಇದೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ತುಣುಕಿಗೆ 3 ಬೈಟ್ ಜಾಗ. ಒಂಬತ್ತು ಮೂರಲೆ ಇಪ್ಪತ್ತೇಳು. ಒಂದನೇ ಇಯತ್ತೆಯಲ್ಲಿ ಕಲಿತ ಕಾಗುಣಿತ ಕಂಪ್ಯೂಟರಿನ ಒಳಗೂ ಹಾಗೇ ಕೂತಿದೆ ಎಂದು ತಿಳಿದಾಗ ಕೆಲವು ಮಕ್ಕಳ ಮುಖ ನೋಡಬೇಕು. ಅವತ್ತು ಅವರು ಧಾರವಾಡ, ಹಾವೇರಿ, ತಮ್ಮ ಊರು, ಅವ್ವನ ಹೆಸರು ಎಲ್ಲವನ್ನೂ ಅಳೆಯುತ್ತಾರೆ. ಬೆಲ್ ಹೊಡೆದರೂ ಏಳುವುದಿಲ್ಲ.

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಪ್ರೆಸ್ಸುಗಳ ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನಲ್ಲಿ ಟೈಪಾದ ರಾಶಿ ರಾಶಿ ಫೈಲುಗಳಿವೆ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂರಿಸಲಾಗಿತ್ತು. ಫಾಂಟು ಇಲ್ಲದ ಮಷಿನ್ನಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ‘ವೈರಸ್ ಬಂದೈತ್ರೀ’ ಎನ್ನುವ ಮಕ್ಕಳಿಗೆ ಇದು ವೈರಸ್ಸಲ್ಲ, ಬೇರೆ ಲೆಕ್ಕದಲ್ಲಿ ಬರೆದ ಕನ್ನಡ ಎಂದು ಹೇಳಿ, ನುಡಿಯ ಪರಿವರ್ತಕದಲ್ಲಿ ಯೂನಿಕೋಡಿಗೆ ತರುವುದನ್ನು ಕಲಿಸಿ. ಪರಿವರ್ತನೆ ಆದ ಮೇಲೆ ಅರ್ಕಾವೊತ್ತು, ಜನರ ಹೆಸರು, ಅಂಕಿ ಈ ಮೂರನ್ನು ಮೂಲದ ಪಕ್ಕ ಇಟ್ಟು ಓದಿಸಲೇಬೇಕು. ಕಲಿತ ಇಬ್ಬರು ಹುಡುಗಿಯರು ಈಗ ಪ್ರೆಸ್ಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ.

ಕಾಗದದ ಮೇಲೆ ಮೊದಲು, ಎಕ್ಸೆಲಿನಲ್ಲಿ ಆಮೇಲೆ

ಎಕ್ಸೆಲ್ ಪುಸ್ತಕಗಳಲ್ಲಿ ವಿದ್ಯಾರ್ಥಿಗಳ ಮಾರ್ಕ್ಸ್ ಕಾರ್ಡಿನ ಉದಾಹರಣೆ ಇರುತ್ತದೆ. ಅದರಲ್ಲಿ ತಪ್ಪಾದರೆ ಯಾರಿಗೂ ನೋವಾಗುವುದಿಲ್ಲ, ಅದಕ್ಕೇ ಅದು ನೆನಪಿನಲ್ಲಿ ಉಳಿಯುವುದಿಲ್ಲ. ಮಕ್ಕಳಿಗೆ ಮನೆಯಿಂದ ಒಂದು ಪಟ್ಟಿ ತರಲು ಹೇಳಿ: ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ, ಹತ್ತಿ, ಯಾವುದನ್ನಾದರೂ ಮಾರಿದಾಗ ದಲಾಲಿ ಅಂಗಡಿಯವರು ಕೊಟ್ಟದ್ದು. ಹೊಲ ಇಲ್ಲದವರು ಕಿರಾಣಿ ಅಂಗಡಿಯ ಉದ್ರಿ ವಹಿಯ ಒಂದು ಪುಟ ತರಲಿ.

ಮೊದಲ ದಿನ ಕಂಪ್ಯೂಟರ್ ಹಚ್ಚಬೇಡಿ. ಹಾಳೆಯ ಮೇಲೆ ಗೆರೆ ಹೊಡೆದು ಆ ಪಟ್ಟಿಯನ್ನು ಕಂಬಗಳಾಗಿ ಬಿಡಿಸಲಿ. ಇಲ್ಲಿ ನಾನು ಕಣಗಿನಹಾಳದ ಮಾತು ತರುತ್ತೇನೆ. ಗದಗ ತಾಲೂಕಿನ ಆ ಊರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾಗಿದೆ. ಪತ್ತಿನ ಸಂಘ ನಡೆಯಬೇಕಾದರೆ ಯಾರು, ಎಷ್ಟು ಷೇರು, ಎಷ್ಟು ಸಾಲ, ಎಷ್ಟು ವಸೂಲಿ ಎಂಬ ಕಂಬ ಬೇಕು. ಒಂದು ಸಾಲಿಗೆ ಒಬ್ಬ ಮನುಷ್ಯ, ಒಂದು ಕಂಬಕ್ಕೆ ಒಂದೇ ಬಗೆಯ ಮಾಹಿತಿ ಎಂಬ ನಿಯಮ ಕಿರ್ದಿ ಬರೆಯುವವರಿಗೆ ಗೊತ್ತಿತ್ತು. ಎಕ್ಸೆಲ್ ಕೇಳುವುದೂ ಅಷ್ಟನ್ನೇ. ಮಕ್ಕಳು ಮಾಡುವ ಮೊದಲ ತಪ್ಪು ‘18 ಕ್ವಿಂಟಲ್ 5 ಕೆಜಿ’ ಎಂದು ಒಂದೇ ಮನೆಯಲ್ಲಿ ಬರೆಯುವುದು. ಅದು ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ, ಗುಣಿಸಲು ಹೋದರೆ ಎರರ್. ಎರಡನೇ ತಪ್ಪು ಇದಕ್ಕಿಂತ ಕೆಟ್ಟದ್ದು. 18.5 ಎಂದು ಬರೆಯುತ್ತಾರೆ.

ಈ ತಪ್ಪನ್ನು ತಕ್ಷಣ ತಿದ್ದಬೇಡಿ, ಕೊನೆಯವರೆಗೆ ಹೋಗಲು ಬಿಡಿ. ದರಕ್ಕೆ ಲೆಕ್ಕ ಸುಲಭವಾಗಲಿ ಎಂದು ಕ್ವಿಂಟಲಿಗೆ 7,000 ಇಟ್ಟುಕೊಳ್ಳಿ. 18.5ಕ್ಕೆ 1,29,500 ರೂಪಾಯಿ ಬರುತ್ತದೆ. 18 ಕ್ವಿಂಟಲ್ 5 ಕೆಜಿ ನಿಜವಾಗಿ 18.05, ಅದಕ್ಕೆ 1,26,350. ವ್ಯತ್ಯಾಸ 3,150 ರೂಪಾಯಿ. ‘ಅಂಗಡಿಯವರಿಗೆ ಹೋದ್ರ ಏನಾಕ್ಕೈತಿ? ನಿಮ್ಮ ಅಪ್ಪನ ಕಡೆಯಿಂದ ಹೋದ್ರ ಏನಾಕ್ಕೈತಿ?’ ಎಂದು ಎರಡೂ ಕೇಳಿ. ಅದೇ ತಪ್ಪನ್ನು ಬ್ಯಾಡಗಿ ಮೆಣಸಿನಕಾಯಿಯಲ್ಲಿ ಮಾಡಿ ನೋಡಲಿ. ಕ್ವಿಂಟಲಿಗೆ 30,000 ಎಂದು ಇಟ್ಟರೆ 13,500 ರೂಪಾಯಿ ಆಚೀಚೆ. ಒಂದು ಸೊನ್ನೆಗೆ ಇಷ್ಟು ತೂಕ ಎಂದು ಆಗ ಗೊತ್ತಾಗುತ್ತದೆ. ಹಾವೇರಿ ಕಡೆಯ ಮಕ್ಕಳಾದರೆ ಡಬ್ಬಿ, ಕಡ್ಡಿ ಎಂದು ತಳಿಗೆ ಬೇರೆ ಕಂಬವನ್ನೂ ತಾವೇ ಸೇರಿಸುತ್ತಾರೆ.

ದಾರಿ ಏನು? ಕ್ವಿಂಟಲಿಗೆ ಒಂದು ಕಂಬ, ಕೆಜಿಗೆ ಒಂದು ಕಂಬ, ಮೂರನೆಯದರಲ್ಲಿ ಸೂತ್ರ: =ಬಿ2+ಸಿ2/100. ಇದನ್ನು ನೀವು ಬೋರ್ಡಿನ ಮೇಲೆ ಬರೆಯುವ ಮೊದಲು ಒಂದು ಪೀರಿಯಡ್ ಕಾಯಿರಿ. ಯಾರಾದರೊಬ್ಬರು ಕಂಡುಹಿಡಿಯುತ್ತಾರೆ.

ಬ್ಯಾಂಕಿನ ಖಾತೆ ಸಂಖ್ಯೆಯ ಪಾಠವನ್ನೂ ಬಿಡಬೇಡಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಹೊಡೆದರೆ ಎಕ್ಸೆಲ್ ಮೊದಲ ಸೊನ್ನೆಯನ್ನು ನುಂಗುತ್ತದೆ. 12 ಅಂಕಿಯ ಸಂಖ್ಯೆ ಹೊಡೆದರೆ ನಡುವೆ ಇ ಅಕ್ಷರ ಸೇರಿದ ಏನೋ ಒಂದು ಕಾಣುತ್ತದೆ. 16 ಅಂಕಿ ಹೊಡೆದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ, ಏಕೆಂದರೆ ಅದು 15 ಅಂಕಿಯವರೆಗೆ ಮಾತ್ರ ನಿಖರವಾಗಿ ಹಿಡಿಯುತ್ತದೆ. ಕೂಡಿಸುವ, ಗುಣಿಸುವ ಅಗತ್ಯವಿಲ್ಲದ ಅಂಕಿ ಸಂಖ್ಯೆಯಲ್ಲ, ಹೆಸರು. ಟೈಪ್ ಮಾಡುವ ಮೊದಲೇ ಆ ಕಂಬವನ್ನು ಟೆಕ್ಸ್ಟ್ ಮಾಡಿಕೊಳ್ಳಬೇಕು. ಅಭ್ಯಾಸಕ್ಕೆ ಯಾರ ನಿಜವಾದ ಆಧಾರ್ ಸಂಖ್ಯೆಯನ್ನೂ ಹೊಡೆಸಬೇಡಿ.

ಮಷಿನ್ ಕಡಿಮೆ ಇದ್ದಾಗ, ಕರೆಂಟ್ ಇಲ್ಲದಾಗ

24 ಮಕ್ಕಳಿಗೆ 13 ಮಷಿನ್ ನಡೆಯುವ ಸ್ಥಿತಿಯಲ್ಲಿದ್ದರೆ ಅದನ್ನೇ ವಿಧಾನ ಮಾಡಿಕೊಳ್ಳಿ. ಇಬ್ಬರಿಗೆ ಒಂದು. ಒಬ್ಬರದು ಕೈ, ಒಬ್ಬರದು ಬಾಯಿ. ಬಾಯಿಯವರು ಹೇಳಬೇಕು, ಮುಟ್ಟುವಂತಿಲ್ಲ. ಕೈಯವರು ಹೇಳಿದ್ದನ್ನೇ ಮಾಡಬೇಕು. 15 ನಿಮಿಷಕ್ಕೆ ಅದಲು ಬದಲು, ಗಡಿಯಾರ ನೋಡಿ. ಹುಡುಗ ಹುಡುಗಿ ಜೋಡಿಯಾದಾಗ ಕೀಬೋರ್ಡ್ ಹುಡುಗನ ಕಡೆಗೇ ಸರಿಯುತ್ತದೆ, ಇದನ್ನು ಪ್ರತಿ ಬ್ಯಾಚಿನಲ್ಲೂ ಕಂಡಿದ್ದೇನೆ. ಗಡಿಯಾರ ಇರುವುದು ಅದಕ್ಕೇ.

ಎರರ್ ಬಂದಾಗ ‘ಮೇಡಂರೀ, ಏನೋ ಬಂತ್ರೀ’ ಎನ್ನುತ್ತಾ ಅದನ್ನು ಮುಚ್ಚಿಬಿಡುತ್ತಾರೆ. ಏನು ಬಂತು ಎಂದು ಜೋರಾಗಿ ಓದಿಸಿ, ಒಂದೊಂದೇ ಶಬ್ದದ ಅರ್ಥ ಕೇಳಿ, ‘ಎರರ್ ವಹಿ’ಯಲ್ಲಿ ಬರೆಸಿ. ಎಡಕ್ಕೆ ಬಂದದ್ದು, ಬಲಕ್ಕೆ ತೆಗೆದ ದಾರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಭಯ ಕಡಿಮೆಯಾದದ್ದು ನನ್ನ ಲ್ಯಾಬಿನಲ್ಲಿ ಈ ವಹಿಯಿಂದ. ಕಡತ, ಕಡತಕೋಶ ಎಂದೆಲ್ಲ ಹೊಸ ಶಬ್ದ ಹೇರಲು ನಾನು ಹೋಗುವುದಿಲ್ಲ. ಫೈಲ್ ಫೈಲೇ, ಫೋಲ್ಡರ್ ಫೋಲ್ಡರೇ. ವಿವರಿಸುವ ಮಾತು ಮಾತ್ರ ಮನೆಯದಾಗಿರಬೇಕು.

ಕರೆಂಟ್ ಹೋದ ದಿನಕ್ಕೆಂದು ನನ್ನ ಕಪಾಟಿನಲ್ಲಿ ಜಕಾರ್ಡ್ ಮಗ್ಗದ ರಟ್ಟಿನ ಕಾರ್ಡುಗಳಿವೆ. ಬೆಟಗೇರಿಯ ನೇಕಾರ ಮನೆಯ ಹುಡುಗಿಯೊಬ್ಬಳು ತಂದುಕೊಟ್ಟದ್ದು. ಕಾರ್ಡಿನಲ್ಲಿ ತೂತು ಇರುವಲ್ಲಿ ಮಗ್ಗದ ಸೂಜಿ ಒಳಗೆ ಹೋಗಿ ಹಾಸಿನ ಎಳೆ ಮೇಲೆ ಏಳುತ್ತದೆ, ತೂತು ಇಲ್ಲದಲ್ಲಿ ಏಳುವುದಿಲ್ಲ. ತೂತು ಒಂದು, ಇಲ್ಲದ್ದು ಸೊನ್ನೆ. ಫ್ರಾನ್ಸಿನ ಜಕಾರ್ಡ್ ಈ ಮಗ್ಗವನ್ನು ತಂದದ್ದು 1804ರ ಸುಮಾರಿಗೆ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಎಣಿಕೆಯ ಯಂತ್ರದ ಯೋಜನೆಗೆ ಇದೇ ಕಾರ್ಡಿನ ಉಪಾಯ ತೆಗೆದುಕೊಂಡ. ಅಮೆರಿಕದ 1890ರ ಜನಗಣತಿಯನ್ನು ಹಾಲರಿತ್ ಎಂಬಾತನ ಯಂತ್ರ ತೂತಿನ ಕಾರ್ಡಿನಿಂದ ಎಣಿಸಿತು. ಕಿಟಕಿಯ ಬೆಳಕಿನಲ್ಲಿ ಕೂತು ಮಕ್ಕಳು ಚೌಕುಳಿ ಹಾಳೆಯ ಮೇಲೆ ಸೀರೆಯ ಅಂಚಿನ ಚಿತ್ತಾರ ಬರೆದು, ಸಾಲು ಸಾಲಾಗಿ ಒಂದು, ಸೊನ್ನೆ ಎಂದು ಓದಿ ಹೇಳಬೇಕು. ಇನ್ನೊಂದು ಬೆಂಚಿನವರು ಚಿತ್ತಾರ ನೋಡದೆ, ಕೇಳಿದ್ದನ್ನಷ್ಟೇ ತುಂಬಿ ಅದನ್ನು ಮೂಡಿಸಬೇಕು. ಕಾರ್ಡು ತಂದ ಹುಡುಗಿ ಅವತ್ತಿನವರೆಗೆ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವಳೇ ಎದ್ದು ಬಂದು, ಎಳೆ ಎಲ್ಲಿ ಏಳುತ್ತದೆ ಎಂದು ಎಲ್ಲರಿಗೂ ಕೈ ಮಾಡಿ ತೋರಿಸಿದಳು.

ಅರ್ಜಿ, ಫೋಟೊ, ಹೆಸರು

ಮನೆಯವರು, ಓಣಿಯವರು ಮಕ್ಕಳಿಂದ ನಿರೀಕ್ಷಿಸುವುದು ಅರ್ಜಿ ತುಂಬುವುದನ್ನು. ಸ್ಕಾಲರ್‌ಶಿಪ್ಪು, ಸೇವಾ ಸಿಂಧು, ಪಹಣಿ. ಇದನ್ನು ಸಣ್ಣ ಕೆಲಸ ಎಂದು ನೋಡುವ ಶಿಕ್ಷಕರ ಜೊತೆ ನಾನು ಜಗಳ ಆಡಿದ್ದೇನೆ. ಒಂದು ಫೋಟೊ ಅಪ್‌ಲೋಡಿನಲ್ಲಿ ಎಷ್ಟು ಗಣಿತ ಇದೆ ನೋಡಿ. ಫಾರ್ಮು 50 ಕೆಬಿ ಒಳಗೆ ಎನ್ನುತ್ತದೆ, ಮೊಬೈಲಿನ ಫೋಟೊ ಮೂರ್ನಾಲ್ಕು ಎಂಬಿ ಇರುತ್ತದೆ. ಪೇಂಟ್‌ನಲ್ಲಿ ತೆರೆದು ರೀಸೈಜ್ ಒತ್ತಿದರೆ 4000 ಉದ್ದ, 3000 ಅಗಲ ಎಂದು ಪಿಕ್ಸೆಲ್ ತೋರಿಸುತ್ತದೆ: 1 ಕೋಟಿ 20 ಲಕ್ಷ ಚುಕ್ಕೆ. 400, 300 ಮಾಡಿದರೆ 1 ಲಕ್ಷ 20 ಸಾವಿರ. ಹೊಲದ ಉದ್ದ ಹತ್ತರಲ್ಲೊಂದು, ಅಗಲ ಹತ್ತರಲ್ಲೊಂದು ಮಾಡಿದರೆ ಹೊಲ ನೂರರಲ್ಲೊಂದು ಉಳಿಯುತ್ತದೆ ಎಂದರೆ ರೈತರ ಮಕ್ಕಳಿಗೆ ಬೇರೆ ವಿವರಣೆ ಬೇಡ. ಮೂಲ ಫೋಟೊದ ಮೇಲೆಯೇ ಸೇವ್ ಮಾಡಬಾರದು, ‘ಸೇವ್ ಆ್ಯಸ್’ ಮಾಡಿ ಬೇರೆ ಹೆಸರು ಕೊಡಬೇಕು ಎನ್ನುವುದನ್ನು ಇಲ್ಲಿಯೇ ಹೇಳಿ.

ಹೆಸರಿನ ವಿಷಯಕ್ಕೆ ಬಂದರೆ, ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಕೊನೆಗೆ, ಆಧಾರಿನಲ್ಲಿ ಮೊದಲು, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ನಮ್ಮ ಕಡೆಯ ಅರ್ಧ ಅರ್ಜಿಗಳು ನಿಲ್ಲುವುದೇ ಇಲ್ಲಿ. ಪ್ರವೇಶದ ತಿಂಗಳಲ್ಲೇ ಪ್ರತಿಯೊಬ್ಬರೂ ತಮ್ಮ ಮೂರು ದಾಖಲೆಗಳ ಹೆಸರನ್ನು ಅಕ್ಷರ ಅಕ್ಷರವಾಗಿ ಹಾಳೆಯ ಮೇಲೆ ಬರೆದು ಹೋಲಿಸಲಿ. ಕಂಪ್ಯೂಟರಿಗೆ ಒಂದು ಖಾಲಿ ಜಾಗ ಹೆಚ್ಚಾದರೂ ಅದು ಬೇರೆ ಹೆಸರೇ.

ಮೋಸದ ಕರೆಗಳ ಪಾಠ ಚಿಕ್ಕದಿರಲಿ, ಆದರೆ ಮನೆಗೆ ಹೋಗಲಿ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಿಲ್ಲ, ಪಿನ್ ಇರುವುದು ಕೊಡಲು. ವಿಡಿಯೊ ಕರೆಯಲ್ಲಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿಲ್ಲ. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಈ ಮೂರನ್ನು ರಾತ್ರಿ ಊಟದ ಹೊತ್ತಿಗೆ ಅವ್ವ, ಅಜ್ಜನಿಗೆ ಹೇಳಿ, ಅವರು ಏನು ಕೇಳಿದರು ಎಂದು ಮರುದಿನ ಬರೆದು ತರಬೇಕು. ಅವರ ಪ್ರಶ್ನೆಗಳೇ ಮುಂದಿನ ಪಾಠ.

ಚಾಟ್‌ಜಿಪಿಟಿ ಬಳಸಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಬಳಸಲಿ. ಅದು ಕೊಟ್ಟ ಸೂತ್ರವನ್ನು ತಮ್ಮ ಮನೆಯ ಪಟ್ಟಿಗೆ ಹಚ್ಚಿ, ಕೈಲೆಕ್ಕ ಪಕ್ಕದಲ್ಲಿಟ್ಟು ತೋರಿಸಬೇಕು. ಹೊಂದಿದರೆ ಸರಿ.

ಮೊದಲ ವೆಬ್ ಪುಟ

ಎಚ್‌ಟಿಎಂಎಲ್ ಬರುವ ಹೊತ್ತಿಗೆ ಮೊದಲ ಎರಡು ವಾರದ ಬೆಲೆ ತಿಳಿಯುತ್ತದೆ. ತಮ್ಮ ಊರಿನ ಬಸ್ಸಿನ ವೇಳೆಯ ಪುಟ ಮಾಡಲಿ. ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡುವಾಗ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಂಡು ಪುಟ ತೆರೆಯದೇ ಹೋಗುತ್ತದೆ. ಅಡ್ಡಹೆಸರು ಬಲ್ಲವರು ತಾವೇ ಹಿಡಿಯುತ್ತಾರೆ. ಕನ್ನಡ ಗೀಚಾಗಿ ಕಂಡರೆ ತಲೆಭಾಗದಲ್ಲಿ ಯುಟಿಎಫ್-8 ಎಂದು ಹೇಳಿಲ್ಲ; 27 ಬೈಟ್ ಎಣಿಸಿದವರಿಗೆ ಅದೂ ಹೊಳೆಯುತ್ತದೆ. ತಮ್ಮ ಮಷಿನ್ನಿನಲ್ಲಿ ಕಾಣುವ ಚಿತ್ರ ಪೆನ್‌ಡ್ರೈವಿನಲ್ಲಿ ಒಯ್ದ ಕೂಡಲೇ ಮಾಯವಾದರೆ, ಸಿ ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸ ಬರೆದಿದ್ದಾರೆ ಎಂದರ್ಥ. ‘ಪಕ್ಕದ ಮನಿಗೆ ಹೋಗಾಕ ಜಿಲ್ಲಾದ ಹೆಸರು ಯಾಕ ಬೇಕು?’ ಎಂದರೆ ಸಾಕು, ಚಿತ್ರವನ್ನು ಅದೇ ಫೋಲ್ಡರಿಗೆ ತಂದು ಬರೀ ಹೆಸರು ಬರೆಯುತ್ತಾರೆ. ಜಾವಾಸ್ಕ್ರಿಪ್ಟಿನ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಮುಂದಿನ ಬಸ್ಸು ಇನ್ನೆಷ್ಟು ನಿಮಿಷಕ್ಕೆ ಎಂದು ಅದೇ ಪುಟ ಲೆಕ್ಕ ಹಾಕಬೇಕು ಎಂದರೆ ಪಾಠ ತಾನೇ ಮುಂದೆ ಹೋಗುತ್ತದೆ.

ಒಂದು ಮಾತು ಬಿಡಲಾರೆ. ಅಂಧ ಮಕ್ಕಳಿಗೆ ಸಂಗೀತ ಕಲಿಸುವ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರಲ್ಲಿ ಕಂಪ್ಯೂಟರ್ ಕಲಿಸುವವರಿಗೆ, ಕಣ್ಣು ಕಾಣದವರಿಗೆ ಕಲಿಸುವುದೂ ಗೊತ್ತಿರಬೇಕು. ನನ್ನ ಸಂಜೆಯ ತರಗತಿಗೆ ತಬಲಾ ಕಲಿತ ಒಬ್ಬ ಹುಡುಗ ಬಂದಾಗ ನನಗೆ ಗೊತ್ತಿರಲಿಲ್ಲ, ಒಂದು ವಾರ ಅವನನ್ನು ಕಾಯಿಸಿದೆ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತ, ಅದರ ಜೊತೆಗೇ ಬರುವ ಧ್ವನಿ ಕನ್ನಡವನ್ನೂ ಓದುತ್ತದೆ. ಇನ್ಸರ್ಟ್ ಹಿಡಿದು ಟಿ ಒತ್ತಿದರೆ ಯಾವ ಕಿಟಕಿಯಲ್ಲಿದ್ದೀರಿ ಎಂದು ಹೇಳುತ್ತದೆ. ಆಲ್ಟ್ ಟ್ಯಾಬ್, ವಿಂಡೋಸ್ ಡಿ, ಬಾಣದ ಕೀಗಳು. ಮೌಸ್ ಬೇಡವೇ ಬೇಡ. ಫೋಲ್ಡರಿನೊಳಗಿನ ಫೋಲ್ಡರನ್ನು ಅವನು ನೆನಪಿನಲ್ಲಿ ಇಟ್ಟುಕೊಂಡು ನಡೆಯುತ್ತಿದ್ದ, ಉಳಿದವರಿಗಿಂತ ಬೇಗ ಫೈಲು ತೆರೆಯುತ್ತಿದ್ದ. ಅವನನ್ನು ನೋಡಿದ ಮೇಲೆ ತಿಂಗಳಿಗೊಂದು ಪೀರಿಯಡ್ ಎಲ್ಲರ ಮಾನಿಟರ್ ಆಫ್ ಮಾಡಿಸಿ ಹೆಡ್‌ಫೋನ್ ಕೊಡುತ್ತೇನೆ. ನೀವೂ ಮಾಡಿ, ನೀವೂ ಕೂತು ಮಾಡಿ.

ಕೊನೆಯ ವಾರದ ಪರೀಕ್ಷೆ

ಇಲಾಖೆಯ ಪರೀಕ್ಷೆ ಬೇರೆ ಇರುತ್ತದೆ. ಅದಕ್ಕೆ ಮೊದಲು ನಾನು ನನ್ನದೊಂದು ಇಡುತ್ತೇನೆ. ಪ್ರತಿಯೊಬ್ಬರೂ ತಾವು ಎಂದೂ ಕೂರದ ಮಷಿನ್ನಿನ ಮುಂದೆ, 40 ನಿಮಿಷ, ಕೈಯಲ್ಲಿ ಒಂದು ಪೆನ್‌ಡ್ರೈವ್. ಅದರಲ್ಲಿ ಅಡ್ಡಹೆಸರು ತಪ್ಪಿದ ಒಂದು ಫೈಲು, ಹಳೆಯ ಫಾಂಟಿನ ಒಂದು ಪತ್ರ, ಸೊನ್ನೆ ಕಳೆದುಕೊಂಡ ಖಾತೆ ಸಂಖ್ಯೆಗಳ ಒಂದು ಹಾಳೆ, ಹೆಸರುಕಾಳಿನ ಒಂದು ಪಟ್ಟಿ. ಎಲ್ಲವನ್ನೂ ಸರಿಮಾಡಿ, ನಾನು ಹೇಳಿದ ವಿಳಾಸದಲ್ಲಿ ಇಟ್ಟು, ಪಟ್ಟಿಯ ಪ್ರಿಂಟ್ ತೆಗೆದು ಕೊಡಬೇಕು. ನಾನು ಮಾರ್ಕ್ಸ್ ಕೊಡುವುದು ಪ್ರಿಂಟಿಗಲ್ಲ. ಏನು ತಪ್ಪಿತ್ತು, ಹೇಗೆ ಗೊತ್ತಾಯಿತು ಎಂದು ಹಿಂಬದಿಯಲ್ಲಿ ಬರೆದ ನಾಲ್ಕು ಸಾಲಿಗೆ.

ಕಳೆದ ಬ್ಯಾಚಿನಲ್ಲಿ ಮುಳಗುಂದದ ಹುಡುಗಿಯೊಬ್ಬಳು 40 ನಿಮಿಷ ಮುಗಿದರೂ ಏಳಲಿಲ್ಲ. ಹೋಗಿ ನಿಂತೆ.

‘ಏನಾತು ತಂಗಿ? ನಾಕೂ ಮುಗದಾವಲ್ಲ.’

‘ನಾಕು ಮುಗದಾವ್ರೀ. ಆದ್ರ ಈ ಪಟ್ಟಿಯಾಗ ಹಮಾಲಿ ಎಲ್ಡು ಸಲ ಕಳದೀರಿ ಮೇಡಂರೀ. ಮ್ಯಾಲೊಮ್ಮೆ, ಕೆಳಗೊಮ್ಮೆ.’

ಅದು ನಾನು ಬೇಕೆಂದು ಇಟ್ಟ ತಪ್ಪಾಗಿರಲಿಲ್ಲ. ಮೂರು ವರ್ಷದಿಂದ ಅದೇ ಪಟ್ಟಿಯನ್ನು ಹಂಚುತ್ತಿದ್ದೆ. ಅವಳು ಕೆಳಗಿನ ಸಾಲು ತೆಗೆದು, ಹೆಸರಿಗೆ ಅವತ್ತಿನ ತಾರೀಖು ಸೇರಿಸಿ, ಹೇಳಿದ ಫೋಲ್ಡರಿನಲ್ಲಿ ಇಟ್ಟು, ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟಳು.